ಡಾಕ್ಟ್ರಮ್ಮನ ಹತ್ರ ಕೇಳಿ: ಈ ಸಲ ಪೂರ್ತಿ ಬೆಕ್ಕಿಗೇ

ನಾಯಿ ಬಗ್ಗೆ ಬರೆದಿದ್ದೇ ತಡ, ಬೆಕ್ಕು ಏನು ಪಾಪ ಮಾಡಿದೆ ಅಂತ ಕೇಳಿ ಬಂದ ಪತ್ರಗಳೇ ಜಾಸ್ತಿ ಆಗೋದ್ವು. ಅದ್ರಲ್ಲೂ ಮುಕ್ಕಾಲು ಮಲೆನಾಡು ಕಡೆಯವು, ತೋಟದ ಮನೆ, ಒಂಟಿ ಮನೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ (ಸಾಗರ ಕಡೆಯಿಂದ): ಡಾಕ್ಟ್ರಮ್ಮಾ, ನಮ್ಮನೆ ಬೆಕ್ಕಿಗೆ ಬೆಳಿಗ್ಗೆ ಕರೆದಾಗ ಒಂದು ಗರಟೆ ಹಾಲು, ರಾತ್ರಿ ಎರಡು ತುತ್ತು ಹಾಲನ್ನ ಅಷ್ಟೇ. ಜಾಸ್ತಿ ಹಾಕಿದ್ರೆ ಇಲಿ ಹಿಡಿಯಲ್ಲ ಅಂತಾರೆ ನಮ್ಮತ್ತೆ. ಆದ್ರೆ ಅದು ಸೊರಗಿ ಬೆನ್ನುಮೂಳೆ ಎಣಿಸೋ ಹಾಗಾಗಿದೆ, ಆಗಾಗ ಭೇದಿ ಬೇರೆ. ನಮ್ಮದು ಸಸ್ಯಾಹಾರಿ ಮನೆ, ಮೀನು ಮೊಟ್ಟೆ ಒಳಗೆ ಬರೋ ಹಾಗಿಲ್ಲ. ಏನು ಹಾಕ್ಲಿ?

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ಆದ್ರೆ ಈ ಒಂದು ಮಾತು ಮಾತ್ರ ಸರಿ ಇಲ್ಲ. ಬೆಕ್ಕಿಗೆ ಹಸಿವು ಬೇರೆ, ಬೇಟೆ ಬೇರೆ. ಹಸಿದಿದ್ರೆ ಒಂಚೂರು ಚುರುಕು ಜಾಸ್ತಿ ಇರಬಹುದು, ಆದ್ರೆ ಹೊಟ್ಟೆ ತುಂಬಿದ ಬೆಕ್ಕೂ ಇಲಿ ಸದ್ದು ಕೇಳಿದ್ರೆ ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತೆ, ಹಿಡಿದು ತಿನ್ನದೆ ನಿಮ್ಮ ಜಗಲೀಲಿ ತಂದು ಮಲಗಿಸುತ್ತೆ ಅಷ್ಟೇ ವ್ಯತ್ಯಾಸ. ಇನ್ನು ಮನೇಲಿ ಏನೂ ಸಿಗದ ಬೆಕ್ಕು ದೂರ ದೂರ ಅಲೆಯೋಕೆ ಶುರು ಮಾಡುತ್ತೆ, ಗದ್ದೆ ದಾಟಿ ಪಕ್ಕದ ಮನೆ ಕೋಳಿಮರಿಗೆ ಬಾಯಿ ಹಾಕುತ್ತೆ, ಆಮೇಲೆ ಜಗಳ ನಿಮ್ಮ ತಲೆಗೆ.

ಭೇದಿಗೆ ಕಾರಣ ಬಹುಶಃ ಆ ಗರಟೆ ಹಾಲೇ. ಮರಿ ಇದ್ದಾಗ ಹಾಲು ಜೀರ್ಣ ಆಗುತ್ತೆ, ದೊಡ್ಡದಾದ ಮೇಲೆ ಸುಮಾರು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗಲ್ಲ. ಮೊಸರಲ್ಲಿ ಆ ಸಕ್ಕರೆ ಕಮ್ಮಿ ಇರೋದ್ರಿಂದ ಮೊಸರನ್ನ ಎಷ್ಟೋ ವಾಸಿ, ಆದ್ರೆ ಬರೀ ಮೊಸರನ್ನದಲ್ಲಿ ಬೆಕ್ಕು ಬದುಕೋಕಾಗಲ್ಲ. ಟಾರೀನ್ ಅಂತ ಒಂದು ಅಂಶ ಇದೆ, ಅದು ಸಿಗೋದು ಮಾಂಸ ಮೀನಲ್ಲಿ. ನಾಯಿ ದೇಹ ಅದನ್ನ ತಾನೇ ತಯಾರು ಮಾಡ್ಕೊಳ್ಳುತ್ತೆ, ಬೆಕ್ಕಿನ ಕೈಲಿ ಸಾಕಾಗುವಷ್ಟು ಆಗಲ್ಲ. ಅದು ಇಲ್ಲದಿದ್ರೆ ನಿಧಾನಕ್ಕೆ ಕಣ್ಣು ಹೋಗುತ್ತೆ, ಹೃದಯ ದೊಡ್ಡದಾಗಿ ಸೋಲುತ್ತೆ. ಅಮೆರಿಕದಲ್ಲಿ ಪ್ಯಾಕೆಟ್ ಆಹಾರ ತಿಂತಿದ್ದ ಬೆಕ್ಕುಗಳೇ ಹೀಗೆ ಸಾಯ್ತಿದ್ವು, 1987ರಲ್ಲಿ ಕಾರಣ ಗೊತ್ತಾಯ್ತು, ಆಮೇಲೆ ಕಂಪನಿಯವರು ಟಾರೀನ್ ಜಾಸ್ತಿ ಹಾಕೋಕೆ ಶುರು ಮಾಡಿದ್ರು. ನಿಮ್ಮ ಬೆಕ್ಕು ಇಷ್ಟು ದಿನ ಉಳಿದಿರೋದು ನಿಮ್ಮ ಹಾಲನ್ನದಿಂದಲ್ಲ, ಅದು ಹಿಡಿಯೋ ಇಲಿಯಿಂದ.

ಆದ್ರಿಂದ ಬೆಕ್ಕಿನ ಡ್ರೈ ಫುಡ್ ತಂದು ಕೊಟ್ಟಿಗೇಲಿ ಇಡಿ, ಅಡಿಗೆಮನೆಗೆ ತರಲೇಬೇಕಂತೇನಿಲ್ಲ, ಮಡಿಗೂ ತೊಂದ್ರೆ ಇಲ್ಲ. ಮೂರ್ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ 50 ಗ್ರಾಂ ಆಸುಪಾಸು ಸಾಕು. ನಾಯಿಗೆ ತಂದಿದ್ದನ್ನೇ ಹಾಕ್ಬೇಡಿ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬೀಲಿಡಿ, ಇಲ್ಲಾಂದ್ರೆ ಎರಡೇ ದಿನಕ್ಕೆ ಬೂಷ್ಟು. ಪಕ್ಕದಲ್ಲಿ ನೀರು ಇರ್ಲಿ. ಮತ್ತೆ ಜಂತುಹುಳದ ಮಾತ್ರೆ, ಬೇಟೆ ಆಡೋ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಬೇಕು. ಬಾಲದ ಬುಡದಲ್ಲಿ ಅಕ್ಕಿಕಾಳಿನ ಥರ ಬೆಳ್ಳಗೆ ಅಂಟಿಕೊಂಡಿದ್ರೆ ಅದು ಲಾಡಿಹುಳದ ತುಂಡು, ತಡ ಮಾಡ್ಬೇಡಿ.

ಪ್ರಶ್ನೆ (ಕೊಪ್ಪದಿಂದ): ಮರಿ ಇನ್ನೂ ಹಾಲು ಕುಡೀತಿವೆ, ಅಷ್ಟರಲ್ಲೇ ತಾಯಿ ಹೊಟ್ಟೆ ಮತ್ತೆ ದಪ್ಪ ಆಗಿದೆ, ಹೀಗಾಗುತ್ತಾ? ನಮ್ಮ ಮಾವ ಮರಿಗಳನ್ನೆಲ್ಲ ಗೋಣಿಚೀಲಕ್ಕೆ ಹಾಕಿ ಹೊಳೆ ಆಚೆ ಬಿಟ್ಟು ಬರೋಣ ಅಂತಾರೆ.

ಆಗುತ್ತೆ, ಧಾರಾಳವಾಗಿ ಆಗುತ್ತೆ. ಮೊಲೆ ಉಣಿಸ್ತಾ ಇರುವಾಗಲೇ ಬೆದೆಗೆ ಬರುತ್ತೆ, ಗಬ್ಬ ಇರೋದು ಬರೀ ಒಂಬತ್ತು ವಾರ, ಮೊದಲ ಬೆದೆ ನಾಲ್ಕೈದು ತಿಂಗಳಿಗೇ ಬರಬಹುದು. ಈಗಿರೋ ಹೆಣ್ಣುಮರಿಗಳು ಮುಂದಿನ ಮಳೆಗಾಲಕ್ಕೆ ತಾವೇ ತಾಯಿ ಆಗಿರ್ತವೆ, ಲೆಕ್ಕ ನೀವೇ ಹಾಕ್ಕೊಳ್ಳಿ.

ಹೊಳೆ ಆಚೆ ಬಿಡೋದು ನಮ್ಮ ಕಡೆ ತಲೆತಲಾಂತರದಿಂದ ನಡ್ಕೊಂಡು ಬಂದಿದೆ, ನಂಗೂ ಗೊತ್ತು. ದೊಡ್ಡ ಬೆಕ್ಕು ಎಷ್ಟೋ ಸಲ ವಾಪಸ್ ಬಂದು ಒಲೆ ಹತ್ರ ಮಲಗಿರುತ್ತೆ. ಮರಿ ಬರಲ್ಲ, ಉಪವಾಸ ಬಿದ್ದು ಸಾಯುತ್ತೆ ಇಲ್ಲಾ ಬೇರೆ ಪ್ರಾಣಿ ಬಾಯಿಗೆ ಹೋಗುತ್ತೆ. ಹಸಿವು ನೀರಡಿಕೆಯಿಂದ ನರಳೋ ಜಾಗದಲ್ಲಿ ಪ್ರಾಣಿ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಅಂತ ಮಾವನವರಿಗೆ ಮೆತ್ತಗೆ ಹೇಳಿ. ಆಪರೇಷನ್ ಒಂದೇ ದಾರಿ, ಐದಾರು ತಿಂಗಳಿಗೆ ಮಾಡಿಸ್ಬಹುದು, ಒಂದು ಸಲ ಮರಿ ಹಾಕಲೇಬೇಕು ಅನ್ನೋದೆಲ್ಲ ಸುಮ್ಮನೆ. ಈಗ ಗಬ್ಬ ಇರೋದ್ರಿಂದ ಯಾವಾಗ ಮಾಡಿಸೋದು ಅಂತ ವೆಟರ್ನರಿ ಡಾಕ್ಟರ್ ನೋಡಿ ಹೇಳ್ಬೇಕು. ಗಂಡಿಗೂ ಮಾಡಿಸಿ. ಜನ ಹೆಣ್ಣಿಗೆ ಮಾತ್ರ ಮಾಡಿಸಿ ಗಂಡನ್ನ ಬಿಡ್ತಾರೆ (ಮನುಷ್ಯರಲ್ಲೂ ಅದೇ ಕಥೆ ಬಿಡಿ), ಅದು ಊರೆಲ್ಲ ಕಚ್ಚಾಡಿ ಕಿವಿ ಹರ್ಕೊಂಡು ಕೀವು ತುಂಬಿಸ್ಕೊಂಡು ಬರುತ್ತೆ, ಬಾಗಿಲಿಗೆಲ್ಲ ಉಚ್ಚೆ ಚಿಮ್ಮಿಸಿ ನಾರಿಸುತ್ತೆ.

ಪ್ರಶ್ನೆ (ಶಿರಸಿಯಿಂದ): ಬೆಕ್ಕಿಗೆ ಮೈ ಬಿಸಿ ಇದೆ, ಮಗುವಿಗೆ ತಂದ ಪ್ಯಾರಸಿಟಮಾಲ್ ಸಿರಪ್ ಸ್ವಲ್ಪ ಹಾಕ್ಲಾ?

ಬೇಡ. ಒಂದು ಹನಿಯೂ ಬೇಡ. ಅದನ್ನ ಅರಗಿಸೋ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ, ರಕ್ತ ಆಮ್ಲಜನಕ ಹೊರೋದನ್ನ ನಿಲ್ಲಿಸುತ್ತೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತೆ. ಒಂದು ಮಾತ್ರೆ ಸಾಕು ಜೀವ ತೆಗೆಯೋಕೆ. ಈಗಾಗ್ಲೇ ಹಾಕಿದ್ರೆ ಈ ಕಾಲಂ ಓದ್ತಾ ಕೂರ್ಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಬೆಕ್ಕು ಕಾಡಿಗೆ ಹೋಗಿ ಬಂದು ಹಾಸಿಗೆ ಮೇಲೆ ಮಲಗುತ್ತೆ. ಮೈತುಂಬ ಉಣುಗು. ಮಂಗನ ಕಾಯಿಲೆ ಬರುತ್ತಾ ಅಂತ ಭಯ.

ಭಯ ಪಡೋದ್ರಲ್ಲಿ ತಪ್ಪಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಶುರುವಾದ ಈ ಕಾಯಿಲೆ ನಮ್ಮ ಕಡೆ ಡಿಸೆಂಬರ್‌ನಿಂದ ಮೇವರೆಗೆ ಜೋರು. ಅದು ಬರೋದು ಉಣುಗು ಕಚ್ಚೋದ್ರಿಂದ, ಬೆಕ್ಕು ಮುಟ್ಟಿದ್ರೆ ಬರಲ್ಲ, ಆದ್ರೆ ಉಣುಗನ್ನ ಹಾಸಿಗೆವರೆಗೂ ತಲುಪಿಸೋ ಕೆಲಸ ಬೆಕ್ಕು ಮಾಡಬಹುದು. ಆ ತಿಂಗಳುಗಳಲ್ಲಿ ಹಾಸಿಗೆ ಬಂದ್, ಅದು ಎಷ್ಟೇ ಅತ್ತರೂ. ದಿನಾ ಸಂಜೆ ಕಿವಿ, ಕುತ್ತಿಗೆ, ಕಾಲ್ಬೆರಳ ಸಂದಿ ನೋಡಿ, ಚಿಮಟದಲ್ಲಿ ಬುಡಕ್ಕೆ ಹಿಡಿದು ನೇರ ಎಳೀರಿ, ಬರಿಗೈಲಿ ಹಿಸುಕ್ಬೇಡಿ.

ಇನ್ನೊಂದು ಮುಖ್ಯ ವಿಷ್ಯ, ಕೊಟ್ಟಿಗೇಲಿ ದನಕ್ಕೆ ಹೊಡೆಯೋ ಉಣುಗಿನ ಔಷಧಿ ಉಳಿದಿದ್ರೆ ಅದನ್ನ ಬೆಕ್ಕಿಗೆ ಹಚ್ಚಲೇಬೇಡಿ, ನಾಯಿ ಕುತ್ತಿಗೆಗೆ ಬಿಡೋ ಪರ್ಮೆಥ್ರಿನ್ ಡ್ರಾಪ್ಸೂ ಬೇಡ. ಬೆಕ್ಕು ನಡುಗಿ ನಡುಗಿ ಫಿಟ್ಸ್ ಬಂದು ಸಾಯುತ್ತೆ. ಬೆಕ್ಕಿಗೆ ಅಂತಲೇ ಬರೆದಿರೋ ಫಿಪ್ರೊನಿಲ್ ಸ್ಪ್ರೇ ಇದೆ, ಡಾಕ್ಟ್ರಿಗೆ ತೂಕ ಹೇಳಿ ಕೇಳಿ ತಗೊಳ್ಳಿ. ಮನೇಲಿ ಯಾರಿಗಾದ್ರೂ ಜೋರು ಜ್ವರ ತಲೆನೋವು ಬಂದ್ರೆ ಕಾಡಿನ ವಿಷ್ಯ, ಉಣುಗಿನ ವಿಷ್ಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಯಿಬಿಟ್ಟು ಹೇಳಿ.

ಪ್ರಶ್ನೆ (ಶೃಂಗೇರಿಯಿಂದ): ಮಗಳು ಏಳು ತಿಂಗಳ ಬಸುರಿ, ಹೆರಿಗೆಗೆ ಬರ್ತಿದಾಳೆ. ಬೆಕ್ಕನ್ನ ಎಲ್ಲಾದ್ರೂ ಬಿಡಿ ಅಂತ ಎಲ್ಲರೂ ಹೇಳ್ತಿದಾರೆ.

ಬಿಡೋದು ಬೇಡ. ಎಲ್ಲರೂ ಹೆದರೋದು ಹೊಟ್ಟೇಲಿರೋ ಮಗುವಿಗೆ ತೊಂದ್ರೆ ಮಾಡಬಲ್ಲ ಟೊಕ್ಸೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಗೆ. ಬೆಕ್ಕು ಅದನ್ನ ಮಲದಲ್ಲಿ ಹಾಕೋದು ಸಾಮಾನ್ಯವಾಗಿ ಮೊದಲ ಸಲ ತಗುಲಿದಾಗ, ಒಂದೆರಡು ವಾರ. ಆ ಮಲವೂ ಒಂದು ದಿನವಾದ್ರೂ ಕಳೆದ ಮೇಲೇ ಅಂಟುತ್ತೆ. ಹಂಗಾಗಿ ಬೆಕ್ಕಿನ ಕಕ್ಕ ದಿನಾ ಬೇರೆಯವರು ತೆಗೀರಿ, ಮಗಳು ಮುಟ್ಟೋದು ಬೇಡ. ನಿಜ ಹೇಳ್ಬೇಕಂದ್ರೆ ಹಿತ್ತಲ ಮಣ್ಣು ಜಾಸ್ತಿ ಅಪಾಯ, ಬೆಕ್ಕು ಅಲ್ಲೇ ತಾನೇ ಹೂಳೋದು. ಹರಿವೆಸೊಪ್ಪು ಕೀಳೋದು, ಪಾತಿ ಮಾಡೋದು ನೀವೇ ಮಾಡಿ, ಸೊಪ್ಪು ಚೆನ್ನಾಗಿ ತೊಳೀರಿ, ಮಾಂಸ ತಿನ್ನೋರಾದ್ರೆ ಪೂರ್ತಿ ಬೇಯಿಸಿ. ಮಗು ಬಂದ ಮೇಲೆ ಬೆಕ್ಕು ತೊಟ್ಟಿಲು ಹತ್ತದ ಹಾಗೆ ಕೋಣೆ ಬಾಗಿಲು ಹಾಕಿಡಿ. ಮತ್ತೆ ಬೆಕ್ಕಿಗೆ ರೇಬೀಸ್ ಲಸಿಕೆ ಆಗಿದ್ಯಾ? ಮೂರು ತಿಂಗಳಿಗೆ ಮೊದಲನೇದು, ಆಮೇಲೆ ಡಾಕ್ಟ್ರು ಹೇಳಿದ ಹಾಗೆ ಪ್ರತಿ ವರ್ಷ. ನಾಯಿಗೆ ಮಾತ್ರ ಅಂತ ಇನ್ನೂ ಸುಮಾರು ಜನ ತಿಳ್ಕೊಂಡಿದಾರೆ. ಪರಚಿದ್ರೆ ಕಚ್ಚಿದ್ರೆ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ಅರಿಶಿನ ಸುಣ್ಣ ಏನೂ ಬೇಡ.

ಪ್ರಶ್ನೆ (ಹೊಸನಗರ): ಮೂರು ಬಣ್ಣದ ಬೆಕ್ಕು ಯಾವಾಗ್ಲೂ ಹೆಣ್ಣೇ ಅಂತೆ, ಹೌದಾ?

ಹೆಚ್ಚುಕಮ್ಮಿ ಹೌದು. ಕೇಸರಿ ಬಣ್ಣದ ಜೀನ್ ಇರೋದು ಎಕ್ಸ್ ಕ್ರೋಮೋಸೋಮಲ್ಲಿ. ಕೇಸರಿ ಕಪ್ಪು ಎರಡೂ ಬರಬೇಕಾದ್ರೆ ಎರಡು ಎಕ್ಸ್ ಬೇಕು, ಗಂಡಿಗೆ ಇರೋದು ಒಂದೇ. ಎಲ್ಲೋ ಅಪರೂಪಕ್ಕೆ ಗಂಡು ಹುಟ್ಟಿದ್ರೂ ಸಾಮಾನ್ಯವಾಗಿ ಅದಕ್ಕೆ ಮರಿ ಆಗಲ್ಲ.

ಪ್ರಶ್ನೆ (ಬೆಂಗಳೂರಿಂದ): ಅಪ್ಪ ಹೋದ ಮೇಲೆ ಅಮ್ಮ ಮೂಡಿಗೆರೆ ಹತ್ರ ತೋಟದ ಮನೇಲಿ ಒಬ್ಬರೇ. ಇಲ್ಲಿಗೆ ಬಾ ಅಂದ್ರೆ ಬೆಕ್ಕಿಗೆ ಯಾರು ಅನ್ನ ಹಾಕ್ತಾರೆ ಅಂತಾರೆ. ಬೆಕ್ಕಿಗೆ ಒಂಬತ್ತು ವರ್ಷ, ನಮ್ಮದು ಏಳನೇ ಮಹಡಿ ಫ್ಲ್ಯಾಟು. ಬೆಕ್ಕನ್ನೂ ಕರ್ಕೊಂಡು ಬಂದ್ರೆ ಹೊಂದ್ಕೊಳ್ಳುತ್ತಾ?

ಮೊದಲು ಅಮ್ಮಂಗೆ ಬರೋ ಮನಸ್ಸಿದ್ಯಾ ಕೇಳಿ ಮಾರಾಯ್ರೇ. ಬೆಕ್ಕು ನೆಪ ಇರಬಹುದು. ಅಮ್ಮಂದಿರು ನಂಗೆ ಇಷ್ಟ ಇಲ್ಲ ಅಂತ ನೇರ ಹೇಳಲ್ಲ, ದನ, ಬೆಕ್ಕು, ತುಳಸಿಕಟ್ಟೆ ಅಂತೆಲ್ಲ ಮುಂದಿಡ್ತಾರೆ. ಹಾಗಿದ್ರೆ ಬೆಕ್ಕಿನ ಸಮಸ್ಯೆ ಬಗೆಹರಿಸಿದ ತಕ್ಷಣ ಇನ್ನೊಂದು ಹುಟ್ಕೊಳ್ಳುತ್ತೆ, ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ.

ನಿಜವಾಗ್ಲೂ ಬರೋರಾದ್ರೆ ಬೆಕ್ಕು ಬರ್ಲಿ. ವಯಸ್ಸಾದ ಬೆಕ್ಕಿಗೆ ಜಾಗ ಬದಲಾದ್ರೆ ಕಷ್ಟ ಆಗುತ್ತೆ, ಆದ್ರೆ ಆಗದೇ ಇರೋದೇನಲ್ಲ. ಅಮ್ಮನ ಕೋಣೆ ಒಂದರಲ್ಲೇ ಎರಡು ಮೂರು ವಾರ ಇಡಿ, ಅಮ್ಮನ ಹಳೇ ಸೀರೆ, ಅದು ಮಲಗ್ತಿದ್ದ ಗೋಣಿಚೀಲ ತೊಳೀದೆ ತನ್ನಿ, ವಾಸನೆ ಇದ್ರೆ ಧೈರ್ಯ. ಮಣ್ಣಲ್ಲೇ ಹೋಗಿ ಅಭ್ಯಾಸ ಆಗಿರೋದ್ರಿಂದ ಟ್ರೇಯಲ್ಲಿ ಶುರುವಿಗೆ ತೋಟದ ಮಣ್ಣೇ ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪ ಅಂಗಡಿ ಲಿಟರ್ (ಬೆಕ್ಕು ಕಕ್ಕ ಹೂಳೋಕೆ ಅಂತಲೇ ಮಾರೋ ಪುಡಿ) ಬೆರೆಸಿ. ರಾತ್ರಿ ಅರಚುತ್ತೆ, ಪಕ್ಕದ ಫ್ಲ್ಯಾಟ್‌ನವರಿಗೆ ಮೊದಲೇ ಹೇಳಿಟ್ಟಿರಿ. ಎರಡು ದಿನ ಏನೂ ತಿನ್ನದೇ ಇದ್ರೆ ಮಾತ್ರ ಡಾಕ್ಟ್ರಿಗೆ ತೋರಿಸಿ, ಉಪವಾಸದಿಂದ ಬೆಕ್ಕಿನ ಪಿತ್ತಜನಕಾಂಗ ಬೇಗ ಕೆಡುತ್ತೆ. ಬಾಲ್ಕನಿಗೆ ಅದು ಬರೋ ಮುಂಚೆಯೇ ಬಲೆ ಹಾಕಿಸಿ, ಪಾರಿವಾಳಕ್ಕೆ ಹಾಕೋ ತೆಳ್ಳಂದನ್ನ ಕೆಲವು ಬೆಕ್ಕು ಕಚ್ಚಿ ಹರಿಯುತ್ತೆ, ದಪ್ಪಂದು ಕೇಳಿ ಹಾಕಿಸಿ.