‘ಕಾಂಪೋಸ್ಟಬಲ್’ ಚೀಲ ನಿಜಕ್ಕೂ ಗೊಬ್ಬರ ಆಗುತ್ತದೆಯೇ?

ಪ್ರಶ್ನೆ: ನಮ್ಮ ಬಡಾವಣೆಯ ತರಕಾರಿ ಅಂಗಡಿಯಲ್ಲಿ ಈಗ ‘ಕಾಂಪೋಸ್ಟಬಲ್’ ಎಂದು ಅಚ್ಚಾದ ಚೀಲ ಕೊಡುತ್ತಿದ್ದಾರೆ. ಪ್ಲಾಸ್ಟಿಕ್‌ಗಿಂತ ಇದು ಒಳ್ಳೆಯದೇ? ತಾರಸಿಯ ಗೊಬ್ಬರದ ಡಬ್ಬಕ್ಕೆ ಹಾಕಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಡಬ್ಬಕ್ಕೆ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ. ನಾಲ್ಕು ತಿಂಗಳ ಮೇಲೆ ಗೊಬ್ಬರ ಜರಡಿ ಹಿಡಿದಾಗ ಈರುಳ್ಳಿ ಸಿಪ್ಪೆ, ಬಾಳೆದಿಂಡು ಎಲ್ಲ ಕರಗಿ ಕಪ್ಪು ಮಣ್ಣಾಗಿತ್ತು. ಚೀಲ ಮಾತ್ರ ಚಿಂದಿಯಾಗಿ ಜರಡಿಗೆ ಸುತ್ತಿಕೊಂಡಿತ್ತು. ಒಂದು ತುಂಡಿನ ಮೇಲೆ ‘ಕಾಂಪೋ’ ಅನ್ನುವಷ್ಟು ಅಕ್ಷರ ಇನ್ನೂ ಓದಲು ಬರುತ್ತಿತ್ತು.

ಇದು ಮೋಸವಲ್ಲ. ಈ ಚೀಲಗಳಿಗೆ ನಮ್ಮಲ್ಲಿರುವ ಮಾನದಂಡ ಐಎಸ್ 17088. ಅದರ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಕಾವಿನಲ್ಲಿ, ತೇವ, ಗಾಳಿ ಎಲ್ಲ ಹದವಾಗಿರುವಾಗ. ದೊಡ್ಡ ಗೊಬ್ಬರ ಘಟಕದ ರಾಶಿಯೊಳಗೆ ಕೈಯಿಟ್ಟರೆ ಸುಡುತ್ತದಲ್ಲ, ಆ ಕಾವು. ಮನೆಯ ಡಬ್ಬ ಅಷ್ಟು ಬಿಸಿಯಾಗಿ ನಿಲ್ಲುವುದೇ ಇಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಇಂಥ ಚೀಲವನ್ನು ಮಣ್ಣಿನಲ್ಲಿ ಹೂತಿಟ್ಟು 27 ತಿಂಗಳ ನಂತರ ತೆಗೆದಾಗಲೂ ಅದು ಇತ್ತು, ಭಾರ ಹೊರುವ ಶಕ್ತಿ ಮಾತ್ರ ಹೋಗಿತ್ತು. ಅಂದಮೇಲೆ ಚರಂಡಿಗೆ, ರಾಜಕಾಲುವೆಗೆ ಬಿದ್ದರೆ ಮಳೆಗಾಲದಲ್ಲಿ ಇದೂ ಪ್ಲಾಸ್ಟಿಕ್‌ನಂತೆಯೇ ನೀರು ಕಟ್ಟಿಸುತ್ತದೆ.

ಹಸಿ ಕಸದ ಜೊತೆ ಕೊಟ್ಟರೆ? ಪೌರಕಾರ್ಮಿಕರು ಅದನ್ನು ಪ್ಲಾಸ್ಟಿಕ್ ಎಂದೇ ಎತ್ತಿ ಬಿಸಾಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಗಂಟೆಗಟ್ಟಲೆ ಕಸದಲ್ಲಿ ಕೈಯಾಡಿಸುವವರು ಒಂದೊಂದೇ ಚೀಲದ ಬರಹ ಓದುತ್ತಾ ಕೂರಲು ಆಗುತ್ತದೆಯೇ? ಒಣ ಕಸಕ್ಕೆ ಹೋದರೆ ಇನ್ನೊಂದು ತೊಂದರೆ, ಮರುಬಳಕೆಯ ಪ್ಲಾಸ್ಟಿಕ್‌ನಲ್ಲಿ ಬೆರೆತು ಅದರ ಗುಣ ಕೆಡಿಸುತ್ತದೆ. ಇನ್ನು ಪೂರ್ತಿ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ್ದು ಅನ್ನುವ ನಂಬಿಕೆಯೂ ಎಲ್ಲ ಚೀಲಕ್ಕೆ ಸಲ್ಲದು. ಬಾಗುವ ಗುಣಕ್ಕೆಂದು ಅನೇಕದರಲ್ಲಿ ಪೆಟ್ರೋಲಿಯಂ ಮೂಲದ ಪಾಲಿಮರ್ ಬೆರೆಸಿರುತ್ತಾರೆ.

ಹಾಗಂತ ಇದು ಕೆಲಸಕ್ಕೆ ಬಾರದ್ದು ಅನ್ನಲಾರೆ. ಇಟಲಿಯ ಮಿಲಾನ್‌ನಲ್ಲಿ ಮನೆಮನೆಯ ಅಡುಗೆ ಕಸವನ್ನು ಇಂಥ ಚೀಲದಲ್ಲೇ ಕಟ್ಟಿ ಕೊಡುತ್ತಾರೆ, ಚೀಲದ ಸಮೇತ ತೆಗೆದುಕೊಳ್ಳುವ ಘಟಕಕ್ಕೆ ಅದು ಹೋಗುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಹಸಿ ಕಸ ಹೋಗುವ ಘಟಕದವರು ತೆಗೆದುಕೊಳ್ಳುತ್ತೇವೆ ಅಂದರೆ ಧಾರಾಳವಾಗಿ ಕೊಡಿ. ಆಗಲೂ ಚೀಲದ ಮೇಲೆ ಐಎಸ್ 17088 ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇದೆಯೇ ನೋಡಿ. ಬರೀ ‘ಬಯೋಡಿಗ್ರೇಡಬಲ್’ ಎಂದಿದ್ದರೆ ನಂಬಬೇಡಿ.

ಘಟಕವಿಲ್ಲದಿದ್ದರೆ ತರಕಾರಿಗೆ ಬಟ್ಟೆ ಚೀಲವೇ ಸರಿ. ಸೊಪ್ಪಿಗೆ ಹಳೇ ಪಂಚೆ ತುಂಡಿನಲ್ಲಿ ಹೊಲಿದದ್ದು ಸಾಕು, ಒದ್ದೆ ಮಾಡಿ ಕಟ್ಟಿಟ್ಟರೆ ಸೊಪ್ಪು ಬೇಗ ಬಾಡುವುದೂ ಇಲ್ಲ.