60 ಕಿ.ಮೀ. ದಾಟಿದ ಮೇಲೆ ಮಂಡಿನೋವು: ಮೊದಲು ಸೀಟಿನ ಎತ್ತರ ನೋಡಿ

ದೂರ ಸೈಕಲ್ ತುಳಿದರೆ ಮಂಡಿ ನೋಯುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನೋವು ಮಂಡಿಚಿಪ್ಪಿನ ಮುಂದೆ, 60 ಕಿ.ಮೀ. ದಾಟಿದ ಮೇಲೆ, ಏರಿನಲ್ಲಿ ಜಾಸ್ತಿ ಅಂದಿದ್ದೀರಿ. ಹಾಗಿದ್ದರೆ ಬಹುಮಟ್ಟಿಗೆ ಸೀಟು ತಗ್ಗಾಗಿದೆ, ಜೊತೆಗೆ ಭಾರದ ಗೇರಿನಲ್ಲಿ ತುಳಿಯುತ್ತಿದ್ದೀರಿ. ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ವಿಪರೀತ ಮಡಚಿ, ಚಿಪ್ಪು ತೊಡೆಮೂಳೆಗೆ ಒತ್ತುತ್ತದೆ.

ಮಾಮೂಲಿ ಶೂ ಹಾಕಿಕೊಂಡು, ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೇರವಾಗಬೇಕು, ಸೊಂಟ ವಾಲಬಾರದು. ಮಂಡಿ ಬಾಗಿಯೇ ಇದ್ದರೆ ಸೀಟ್‌ಪೋಸ್ಟ್‌ಗೆ (ಸೀಟನ್ನು ಹೊತ್ತ ಕೊಳವೆಗೆ) ಟೇಪ್ ಸುತ್ತಿ ಗುರುತು ಮಾಡಿಕೊಂಡು 5 ಮಿ.ಮೀ. ಏರಿಸಿ. ಒಂದೆರಡು ಸಣ್ಣ ಸವಾರಿ ಮುಗಿದ ಮೇಲೇ ಮುಂದಿನ 5. ಅವಸರದಲ್ಲಿ ಒಮ್ಮೆಗೇ 2 ಸೆಂ.ಮೀ. ಎತ್ತಿದರೆ ನೋವು ಮಂಡಿಯ ಹಿಂಭಾಗಕ್ಕೆ ಹೋಗಬಹುದು.

ಆಮೇಲೆ ಗೇರ್. ಸಮತಟ್ಟಿನಲ್ಲಿ ಪೆಡಲ್ ನಿಮಿಷಕ್ಕೆ 80–90 ಸುತ್ತು, ಏರಿನಲ್ಲೂ 60ಕ್ಕಿಂತ ಇಳಿಯದಿರಲಿ. ನಂದಿಬೆಟ್ಟದಂಥ ಏರಿನಲ್ಲಿ ಅತಿ ಹಗುರ ಗೇರೂ ಭಾರವೆನಿಸಿದರೆ ಅತಿ ದೊಡ್ಡ ಹಲ್ಲುಗಾಲಿಗೆ 32 ಅಥವಾ 34 ಹಲ್ಲಿರುವ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು) ಹಾಕಿಸಿ. ನಿಮ್ಮ ಡಿರೇಲರ್‌ಗೆ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗಕ್ಕೆ) ಅದು ಹೊಂದುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಸೀಟು ತೀರಾ ಮುಂದಿದ್ದರೂ ಇದೇ ನೋವು ಬರಬಹುದು. ಸೈಕಲ್ ನೋಡದೆ ಅದನ್ನು ಹೇಳಲಾಗದು. ಎರಡು ವಾರ ದೂರವನ್ನು ಅರ್ಧಕ್ಕಿಳಿಸಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡಂತಾದರೆ, ಸೈಕಲ್ ತುಳಿಯದ ದಿನವೂ ನೋವಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.