ಒಂದೇ ಸಿಎಸ್‌ವಿ, ಎರಡು ಟೈಪ್: ಬ್ರೌಸರ್ ಹೇಳಿದ್ದನ್ನು ನಂಬಬೇಡಿ

ಒಂದೇ ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಕಾಮಾ ಹಾಕಿದ ಸಾದಾ ಟೆಕ್ಸ್ಟ್) ನಿಮ್ಮ ಸೈಟಿಗೆ ಒಬ್ಬರಿಂದ ಟೆಕ್ಸ್ಟ್ ಅಂತ, ಇನ್ನೊಬ್ಬರಿಂದ ಎಕ್ಸೆಲ್ ಅಂತ ಅಪ್‌ಲೋಡ್ ಆಗುತ್ತಿದೆ ಅಂದಿರಲ್ಲ, ಅದು ನಿಮ್ಮ ಕೋಡಿನ ತಪ್ಪಲ್ಲ. ಬ್ರೌಸರ್ ಸಾಮಾನ್ಯವಾಗಿ ಫೈಲಿನ ಒಳಗೆ ನೋಡುವುದೇ ಇಲ್ಲ. ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ .csv ಥರದ ಭಾಗ) ನೋಡಿ, ಇದು ಯಾವ ಬಗೆಯ ಫೈಲ್ ಅನ್ನುವ ಟೈಪನ್ನು ಸರ್ವರಿಗೆ ಕಳಿಸುತ್ತದೆ, ವಿಂಡೋಸ್‌ನಲ್ಲಿ ಎಕ್ಸೆಲ್ ಹಾಕಿದ್ದರೆ ಸಿಎಸ್‌ವಿ ಕೂಡ ಎಕ್ಸೆಲ್ ಆಗಿಬಿಡಬಹುದು. ಹಾಗಾಗಿ ಸರ್ವರಿನಲ್ಲೇ ಫೈಲಿನ ಮೊದಲ ಕೆಲವು ಬೈಟ್ ಓದಿ. ಪಿಎನ್‌ಜಿ ಚಿತ್ರಕ್ಕೆ ಆರಂಭದಲ್ಲೇ 8 ಬೈಟಿನ ಗುರುತು ಇದೆ, ಪಿಡಿಎಫ್‌ಗೂ ತನ್ನದೇ ಗುರುತಿದೆ, ಫೈಲಿನ ಬಗೆ ಗುರುತಿಸುವ ಲಿಬ್‌ಮ್ಯಾಜಿಕ್ ಲೈಬ್ರರಿ ಇಂಥವನ್ನೇ ಹುಡುಕುತ್ತದೆ. ತಲೆನೋವು ಎಲ್ಲಿ ಅಂದರೆ, ಈಗಿನ ವರ್ಡ್, ಎಕ್ಸೆಲ್ ಫೈಲ್ ಎರಡೂ ಒಳಗೆ ಝಿಪ್ಪೇ ಅಲ್ವಾ, ಹಾಗಾಗಿ ಝಿಪ್ ತೆರೆದು ಒಳಗಿನ ಫೋಲ್ಡರ್ ವರ್ಡಿನದೋ ಎಕ್ಸೆಲಿನದೋ ನೋಡಬೇಕು. ಸಿಎಸ್‌ವಿಗೆ ಯಾವ ಗುರುತೂ ಇಲ್ಲ. ಅದನ್ನು ಪಾರ್ಸ್ ಮಾಡಿ, ಅಂದರೆ ಸಾಲು, ಕಾಲಂ ಆಗಿ ಬಿಡಿಸಿ ಓದಿ, ಕಾಲಂಗಳು ಹೊಂದದಿದ್ದರೆ ಸುಮ್ನೆ ತಿರಸ್ಕರಿಸಿ.